ಬೆಂಕಿ ಆರಿದ ಮೇಲಿನ ಕೆಲಸ: ಸಿಯೆರಾ ಲಿಯೋನ್‌ನ ಹಳ್ಳಿಗಳು ಮಾಡಿಕೊಂಡ ಶಾಂತಿ

ಸಿಯೆರಾ ಲಿಯೋನ್ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕಬೇಕಾದರೆ ಆಫ್ರಿಕಾದ ಪಶ್ಚಿಮ ಅಂಚಿಗೆ ಹೋಗಬೇಕು. ಒಂದು ಕಡೆ ಅಟ್ಲಾಂಟಿಕ್ ಸಾಗರ, ಉಳಿದ ಕಡೆ ಗಿನಿ ಮತ್ತು ಲೈಬೀರಿಯ. 1991ರ ಮಾರ್ಚ್ 23ರಂದು ಲೈಬೀರಿಯದ ಗಡಿ ದಾಟಿ ಬಂದ ಬಂಡುಕೋರರು ಪೂರ್ವದ ಕೈಲಾಹುನ್ ಜಿಲ್ಲೆಯ ಬೊಮಾರು ಎಂಬ ಊರಿನ ಮೇಲೆ ಬಿದ್ದರು. ಅಂದು ಶುರುವಾದದ್ದು ಮುಗಿಯಲು ಹನ್ನೊಂದು ವರ್ಷ ಹಿಡಿಯಿತು. ಸತ್ತವರು ಸುಮಾರು 50,000 ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ದೇಶದ ಅರ್ಧದಷ್ಟು ಜನ ಮನೆ ಬಿಟ್ಟು ಓಡಿದರು. ಬೊಮಾರು ಎಂಬ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಅಲ್ಲಿಗೆ ಹೋಗುವುದಿದೆ.

ಈ ಯುದ್ಧದ ಬಗ್ಗೆ ನಿಮ್ಮಲ್ಲಿ ಬಹಳ ಜನ ಕೇಳಿರುವುದು ವಜ್ರದ ಕಥೆ. ರಕ್ತಸಿಕ್ತ ವಜ್ರ, ಬಂಡುಕೋರರ ಬೆನ್ನಿಗೆ ನಿಂತ ಲೈಬೀರಿಯದ ನಾಯಕ ಚಾರ್ಲ್ಸ್ ಟೇಲರ್, ಬಂಡುಕೋರರ ನಾಯಕ ಫೊಡೇ ಸಂಕೊ, ಶಸ್ತ್ರಾಸ್ತ್ರ ವ್ಯಾಪಾರಿಗಳು. ಅದೆಲ್ಲ ನಿಜ. ಆದರೆ ವಜ್ರ ಯುದ್ಧವನ್ನು ಸಾಕಿತೇ ಹೊರತು ಹೆತ್ತದ್ದು ವಜ್ರವಲ್ಲ. ಯುದ್ಧದಲ್ಲಿ ನಡೆದದ್ದನ್ನು ದಾಖಲಿಸಲು ಆ ದೇಶ ರಚಿಸಿದ ಸತ್ಯ ಮತ್ತು ಸಂಧಾನ ಆಯೋಗ 2004ರಲ್ಲಿ ಕೊಟ್ಟ ವರದಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ದಶಕಗಳ ಭ್ರಷ್ಟಾಚಾರ, ಎಲ್ಲ ಅಧಿಕಾರವೂ ರಾಜಧಾನಿ ಫ್ರೀಟೌನ್‌ನಲ್ಲಿ ಗುಡ್ಡೆಯಾದದ್ದು, ಹಳ್ಳಿಗಳ ಯುವಕರಿಗೆ ಯಾವ ದಾರಿಯೂ ಉಳಿಯದೇ ಹೋದದ್ದು. 1972ರಲ್ಲಿ ಸಿಯಾಕಾ ಸ್ಟೀವನ್ಸ್ ಸರ್ಕಾರ ಚುನಾಯಿತ ಸ್ಥಳೀಯ ಮಂಡಳಿಗಳನ್ನೇ ರದ್ದು ಮಾಡಿತು. ಅಲ್ಲಿಂದ ಮುಂದೆ ಹಳ್ಳಿಯವನ ಪಾಲಿಗೆ ಸರ್ಕಾರವೆಂದರೆ ಸಾಂಪ್ರದಾಯಿಕ ಮುಖಂಡ, ಅಲ್ಲಿನವರ ಮಾತಿನಲ್ಲಿ 'ಚೀಫ್'. ಮದುವೆಯ ವ್ಯಾಜ್ಯ, ಜಮೀನಿನ ತಕರಾರು, ಕೂಲಿ ಜಗಳ ಎಲ್ಲವೂ ಅವನ ಕಟ್ಟೆಗೆ ಬರುತ್ತಿದ್ದವು. ಅನೇಕ ಕಡೆ ಆ ಕಟ್ಟೆಯಿಂದ ಯುವಕರಿಗೆ ಸಿಕ್ಕಿದ್ದು ತೀರಿಸಲಾಗದ ದಂಡ ಮತ್ತು ಬಿಟ್ಟಿ ದುಡಿಮೆ. ದಂಡ ಕಟ್ಟಲಾಗದೆ ಊರು ಬಿಟ್ಟ ಹುಡುಗರಲ್ಲಿ ಕೆಲವರು ಬಂದೂಕು ಹಿಡಿದು ವಾಪಸು ಬಂದರು.

ಇದನ್ನು ಮೊದಲೇ ಹೇಳಲು ಕಾರಣವಿದೆ. 'ಸಮುದಾಯವೇ ಮುನ್ನಡೆಸುವ ಶಾಂತಿ' ಎಂಬ ಮಾತು ಕೇಳಿದಾಗ ನಮ್ಮ ಕಣ್ಣ ಮುಂದೆ ಅರಳಿಕಟ್ಟೆ, ಹಿರಿಯರು, ಸೌಹಾರ್ದ ಎಲ್ಲ ಬಂದುಬಿಡುತ್ತದೆ. ಸಿಯೆರಾ ಲಿಯೋನ್‌ನಲ್ಲಿ ಸಮುದಾಯ ಎಂಬುದು ಗಾಯಗೊಂಡದ್ದೂ ಹೌದು, ಗಾಯ ಮಾಡಿದ್ದೂ ಹೌದು. ಬಂಡುಕೋರರನ್ನು ಎದುರಿಸಲು ಊರವರೇ ಕಟ್ಟಿಕೊಂಡ ಕಮಾಜೋರ್ ಪಡೆಗಳಿದ್ದವು. ಮೂಲತಃ ಬೇಟೆಗಾರರ ಗುಂಪುಗಳು. ಅವರನ್ನು ವೀರರೆಂದು ಕೊಂಡಾಡಿದ ಊರುಗಳಿವೆ, ಅವರ ಕೈಯಲ್ಲೇ ನರಳಿದ ಊರುಗಳೂ ಇವೆ.

ಇನ್ನು ಈ ಯುದ್ಧದ ಅತಿ ಕ್ರೂರ ತಂತ್ರದ ಮಾತು. ಬಂಡುಕೋರರು ಮಕ್ಕಳನ್ನು ಹಿಡಿದೊಯ್ಯುತ್ತಿದ್ದರು. ಎಷ್ಟೋ ಸಲ ಆ ಮಗುವಿನ ಕೈಯಿಂದಲೇ ಅದರ ನೆರೆಯವರನ್ನು, ಕೆಲವೊಮ್ಮೆ ಸ್ವಂತ ಬಳಗದವರನ್ನು ಹೊಡೆಸುತ್ತಿದ್ದರು, ಕೊಲ್ಲಿಸುತ್ತಿದ್ದರು. ಉದ್ದೇಶ ಸರಳ: ಇಂಥದ್ದನ್ನು ಮಾಡಿದ ಮೇಲೆ ಅವನಿಗೆ ಊರಿನ ಬಾಗಿಲು ಮುಚ್ಚಿದಂತೆ, ಇನ್ನು ಅವನು ಎಲ್ಲಿಗೂ ಓಡಿಹೋಗಲಾರ. ಹೀಗಾಗಿ 2002ರ ಜನವರಿಯಲ್ಲಿ ಯುದ್ಧ ಮುಗಿಯಿತೆಂದು ಅಧಿಕೃತವಾಗಿ ಘೋಷಿಸಿದಾಗ ಹಳ್ಳಿಗಳ ಮುಂದೆ ನಿಂತಿದ್ದ ಶತ್ರು ಹೊರಗಿನವನಲ್ಲ. ಮೂರನೆಯ ಮನೆಯವನು.

ಇಲ್ಲಿ ಒಂದು ಕ್ಷಣ ದಾರಿ ಬಿಟ್ಟು ಹೋಗುತ್ತೇನೆ, ಸಭೆಯಲ್ಲಿ ನಿವೃತ್ತ ಸೈನಿಕರೂ ಇದ್ದಾರೆ. ಇದೇ ಕೈಲಾಹುನ್‌ನಲ್ಲಿ 2000ದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾಗವಾಗಿದ್ದ ಭಾರತೀಯ ಗೂರ್ಖಾ ಯೋಧರನ್ನು ಬಂಡುಕೋರರು ಎರಡು ತಿಂಗಳಿಗೂ ಹೆಚ್ಚು ಕಾಲ ಸುತ್ತುಗಟ್ಟಿದ್ದರು. ಜುಲೈ ತಿಂಗಳಲ್ಲಿ, ಸುರಿವ ಮಳೆಯಲ್ಲಿ 'ಆಪರೇಷನ್ ಖುಕ್ರಿ' ನಡೆದು ಅವರು ಹೊರಬಂದರು. ಆಗ ಆ ಇಡೀ ಪಡೆಯ ಮುಖ್ಯಸ್ಥರಾಗಿದ್ದವರು ಮೇಜರ್ ಜನರಲ್ ವಿಜಯ್ ಕುಮಾರ್ ಜೇಟ್ಲಿ. ಪಡೆ ಮುಂದೆ 17,500 ಸೈನಿಕರಷ್ಟು ಬೆಳೆಯಿತು, ಅಂದಿನ ಮಟ್ಟಿಗೆ ಜಗತ್ತಿನಲ್ಲೇ ದೊಡ್ಡ ಶಾಂತಿಪಾಲನಾ ಪಡೆ ಅದು. 72,000ಕ್ಕೂ ಹೆಚ್ಚು ಹೋರಾಟಗಾರರು ಶಸ್ತ್ರ ಒಪ್ಪಿಸಿದರು, ಅವರಲ್ಲಿ ಸಾವಿರಾರು ಮಂದಿ ಮಕ್ಕಳು. ಇದು ಸಣ್ಣ ಸಾಧನೆಯಲ್ಲ. ಬಂದೂಕು ಕೆಳಗಿಳಿಯದೆ ನಾನು ಮುಂದೆ ಹೇಳಲಿರುವ ಯಾವುದೂ ಸಾಧ್ಯವಿರಲಿಲ್ಲ.

ಬಂದೂಕು ಇಳಿದ ಮೇಲೆ ಎರಡು ದೊಡ್ಡ ಸಂಸ್ಥೆಗಳು ಹುಟ್ಟಿಕೊಂಡವು. ಒಂದು, ವಿಶ್ವಸಂಸ್ಥೆಯ ಜೊತೆಗಿನ ಒಪ್ಪಂದದಿಂದ ಬಂದ ವಿಶೇಷ ನ್ಯಾಯಾಲಯ. ಅತಿ ಹೆಚ್ಚಿನ ಹೊಣೆ ಹೊತ್ತವರನ್ನು ಮಾತ್ರ ವಿಚಾರಣೆ ಮಾಡುವುದು ಅದರ ಕೆಲಸ. 13 ಮಂದಿಯ ಮೇಲೆ ಆರೋಪ ಹೊರಿಸಿತು, 9 ಮಂದಿಗೆ ಶಿಕ್ಷೆಯಾಯಿತು. ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷಗಳ ಸೆರೆವಾಸ. ಇನ್ನೊಂದು, ಬಿಷಪ್ ಜೋಸೆಫ್ ಹಂಪರ್ ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ. ಅದು 7,000ಕ್ಕೂ ಹೆಚ್ಚು ಹೇಳಿಕೆಗಳನ್ನು ಪಡೆಯಿತು, 2003ರಲ್ಲಿ ಜಿಲ್ಲೆಗಳಿಗೆ ಹೋಗಿ ಬಹಿರಂಗ ವಿಚಾರಣೆ ನಡೆಸಿತು. ಆದರೆ ಎರಡೂ ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಜನರಿಗೆ ಅಳುಕಿತ್ತು. ಇಲ್ಲಿ ಬಾಯಿ ಬಿಟ್ಟರೆ ಅಲ್ಲಿ ಕೈಗೆ ಕೋಳ ಬೀಳುತ್ತದೆಯೇ? ಜಿಲ್ಲಾ ಕೇಂದ್ರದಲ್ಲಿ ಕೆಲವು ದಿನ ನಡೆಯುವ ವಿಚಾರಣೆಗೆ ದೂರದ ಹಳ್ಳಿಯ ಹೆಂಗಸು ಬರುವುದಾದರೂ ಹೇಗೆ? ಬಂದರೂ ಅವಳ ಗಂಡನನ್ನು ಕೊಂದವನು ಅಲ್ಲಿರುವುದಿಲ್ಲ, ಅವನು ಅವಳ ಊರಿನಲ್ಲೇ ಗದ್ದೆ ಉಳುತ್ತಿರುತ್ತಾನೆ.

ಗಾಯಗೊಂಡವರಿಗೆ ಇನ್ನೂ ಒಂದು ಸಿಟ್ಟಿತ್ತು, ಅದು ನ್ಯಾಯವಾದ ಸಿಟ್ಟು. ಶಸ್ತ್ರ ಒಪ್ಪಿಸಿದವನಿಗೆ ಭತ್ಯೆ, ಕಸುಬಿನ ತರಬೇತಿ ಎಲ್ಲ ಸಿಕ್ಕಿತು. ಯುದ್ಧದಲ್ಲಿ ಕೈ ಕಡಿಸಿಕೊಂಡವರಿಗೆ ಪರಿಹಾರದ ಮೊದಲ ಕಂತು ಬರುವಾಗ ಯುದ್ಧ ಮುಗಿದು ಆರೇಳು ವರ್ಷಗಳಾಗಿದ್ದವು, ಬಂದದ್ದೂ ಬಹುತೇಕರಿಗೆ ಸುಮಾರು 100 ಡಾಲರ್. ಶಾಂತಿಯ ಲೆಕ್ಕದಲ್ಲಿ ಇದು ಅನಿವಾರ್ಯ ಎನ್ನುತ್ತಾರೆ. ಬಂದೂಕಿದ್ದವನನ್ನು ಮೊದಲು ಸಮಾಧಾನ ಮಾಡಬೇಕು ಎಂಬ ತರ್ಕ. ಕೈಯಿಲ್ಲದವನಿಗೆ ಆ ತರ್ಕವನ್ನು ಒಪ್ಪಿಸಲು ಹೋಗುವ ಧೈರ್ಯ ನನಗಂತೂ ಇಲ್ಲ.

ಈ ಹಿನ್ನೆಲೆಯಲ್ಲಿ ಜಾನ್ ಕಾಲ್ಕರ್ ಎಂಬ ಮಾನವ ಹಕ್ಕು ಕಾರ್ಯಕರ್ತರು 2007ರಲ್ಲಿ 'ಫಂಬುಲ್ ಟಾಕ್' ಎಂಬ ಸಂಸ್ಥೆ ಶುರು ಮಾಡಿದರು. ಅಲ್ಲಿನ ಜನಬಳಕೆಯ ಕ್ರಿಯೋ ಭಾಷೆಯ ಹೆಸರು. ಮನೆಮಂದಿ ಕೂತು ಆಡುವ ಮಾತು ಎಂದರ್ಥ. ಲಿಬ್ಬಿ ಹಾಫ್‌ಮನ್ ಎಂಬ ಅಮೆರಿಕದ ಮಹಿಳೆಯ ಪ್ರತಿಷ್ಠಾನ ಹಣ ಕೊಟ್ಟಿತು. ನೊಂದವರೂ ನೋಯಿಸಿದವರೂ ಬೆಂಕಿಯ ಸುತ್ತ ಕೂತು ಮಾತಾಡುವ ಅವರ ಮೊದಲ ಸಭೆ ನಡೆದದ್ದು 2008ರ ಮಾರ್ಚ್‌ನಲ್ಲಿ, ಯುದ್ಧ ಮೊದಲು ಕಾಲಿಟ್ಟ ಬೊಮಾರುವಿನಲ್ಲೇ, ಆ ದಾಳಿಯ ವಾರ್ಷಿಕ ದಿನಕ್ಕೆ ಹೊಂದಿಸಿ.

ಈ ಸಭೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಸಾಮಾನ್ಯವಾಗಿ ಚಿತ್ರಗಳಲ್ಲಿ ಕಾಣುವುದು ಬೆಂಕಿ ಮಾತ್ರ. ಬೆಂಕಿಗಿಂತ ಮುಂಚೆ ತಿಂಗಳುಗಟ್ಟಲೆ ಕೆಲಸವಿದೆ. ಮೊದಲು ಹೋಗಿ ಕೇಳುವುದು: ನಿಮಗೆ ಇದು ಬೇಕೇ? ಬೇಡ ಎಂದರೆ ವಾಪಸು. ಬೇಕು ಎಂದರೆ ಹಲವು ಹಳ್ಳಿಗಳು ಸೇರಿದ ಒಂದು ವಲಯಕ್ಕೆ ಸಮಿತಿ ಮಾಡುತ್ತಾರೆ. ಅದರಲ್ಲಿ ಹಿರಿಯರು, ಹೆಂಗಸರು, ಯುವಕರು, ಇಮಾಮರು, ಪಾದ್ರಿಗಳು. ನೊಂದವರೂ ಇರಬೇಕು, ನೋಯಿಸಿದವರೂ ಇರಬೇಕು. ಈ ಸಮಿತಿಯವರು ಮನೆಮನೆಗೆ ಹೋಗುತ್ತಾರೆ, ಯಾರು ಮಾತಾಡಲು ತಯಾರಿದ್ದಾರೆ, ಯಾರು ಯಾರ ಮುಖ ನೋಡಲಾರರು ಎಂದು ತಿಳಿದುಕೊಳ್ಳುತ್ತಾರೆ. ಆಮೇಲೆ ಒಂದು ಸಂಜೆ ಊರ ನಡುವೆ ಸೌದೆ ಒಟ್ಟಿ ಬೆಂಕಿ ಹಾಕುತ್ತಾರೆ. ಒಬ್ಬೊಬ್ಬರಾಗಿ ಎದ್ದು ಹೇಳುತ್ತಾರೆ. ನನ್ನ ಮನೆ ಸುಟ್ಟದ್ದು ಇವನು. ನನ್ನ ಮಗಳನ್ನು ಎಳೆದೊಯ್ದದ್ದು ಇವನು. ಹೆಸರು ಬಂದವನು ಎದ್ದು ನಿಲ್ಲುತ್ತಾನೆ, ಅಥವಾ ನಿಲ್ಲುವುದಿಲ್ಲ. ಒಪ್ಪಿಕೊಂಡರೆ ಬಾಗಿ ಕ್ಷಮೆ ಕೇಳುತ್ತಾನೆ. ಮರುದಿನ ಪೂರ್ವಿಕರಿಗೆ ನೈವೇದ್ಯ, ನೆಲಕ್ಕೆ ಪಾನೀಯ ಎರೆಯುವುದು, ಎಲ್ಲರೂ ಸೇರಿ ಅಡುಗೆ ಮಾಡಿ ಉಣ್ಣುವುದು. ನೊಂದವರಿಗೆ ಹಣವಿಲ್ಲ, ತಪ್ಪು ಮಾಡಿದವನಿಗೆ ಜೈಲಿಲ್ಲ.

ಹೀಗೆ ಎದ್ದು ನಿಂತವರಲ್ಲಿ ಇಬ್ಬರು ಬಾಲ್ಯ ಸ್ನೇಹಿತರಿದ್ದರು. ಬಂಡುಕೋರರು ಒಬ್ಬನಿಗೆ ಅವನ ತಂದೆಯನ್ನೇ ಕೊಲ್ಲು ಎಂದರು. ಅವನು ಒಲ್ಲೆ ಎಂದ. ಆಗ ಅವನ ಸ್ನೇಹಿತನ ಕೈಯಿಂದ ಅವನನ್ನು ಹೊಡೆಸಿದರು, ತಂದೆಯನ್ನೂ ಅದೇ ಸ್ನೇಹಿತನಿಂದ ಕೊಲ್ಲಿಸಿದರು. ಏಟು ತಿಂದವನು ಜೀವನಪೂರ್ತಿ ಕುಂಟುವಂತಾಯಿತು. ಯುದ್ಧ ಮುಗಿದ ಮೇಲೆ ಇಬ್ಬರೂ ಅದೇ ಹಳ್ಳಿಯಲ್ಲಿ, ವರ್ಷಗಟ್ಟಲೆ, ಒಂದು ಮಾತೂ ಇಲ್ಲದೆ ಬದುಕಿದರು. ಬೆಂಕಿಯ ರಾತ್ರಿ ಒಬ್ಬ ಹೇಳಿದ, ಇನ್ನೊಬ್ಬ ಒಪ್ಪಿಕೊಂಡ. ಸಭೆಯ ನಂತರ ಅವರ ನಡುವೆ ಮಾತು ಮರಳಿತು, ಒಬ್ಬ ಮತ್ತೊಬ್ಬನ ಹೊಲದ ಕೆಲಸಕ್ಕೆ ಕೈಜೋಡಿಸಿದ. ಇದನ್ನು ಕೇಳಿ ಎದೆ ತುಂಬಿ ಬರುತ್ತದೆ. ಹಾಗೆ ತುಂಬಿ ಬಂದಾಗಲೇ ಸ್ವಲ್ಪ ಎಚ್ಚರವಾಗಿರಬೇಕು ಎಂದು ನನಗನ್ನಿಸುತ್ತದೆ.

ಏಕೆಂದರೆ ಇದೇ ದೇಶದಲ್ಲಿ ಮಾತನ್ನೇ ಬೇಡವೆಂದವರು ಬಹಳ ಜನರಿದ್ದರು. ರೋಸಲಿಂಡ್ ಶಾ ಎಂಬ ಮಾನವಶಾಸ್ತ್ರಜ್ಞೆ ಉತ್ತರದ ತೆಮ್ನೆ ಭಾಷಿಕ ಹಳ್ಳಿಗಳಲ್ಲಿ ಕೆಲಸ ಮಾಡಿ ಬರೆದದ್ದು ಇದನ್ನೇ. ಸತ್ಯ ಆಯೋಗ ಬರುವ ಮೊದಲೇ ಜನ ತಮ್ಮದೇ ರೀತಿಯಲ್ಲಿ ಹುಡುಗರನ್ನು ಮನೆಗೆ ತಂದುಕೊಂಡಿದ್ದರು. ಹೋರಾಟದಿಂದ ಮರಳಿದ ಮಗನ ಮುಂದೆ ತಂದೆ ಒಂದು ಲೋಟ ನೀರು ಹಿಡಿದು ದೇವರನ್ನೂ ಪೂರ್ವಿಕರನ್ನೂ ಪ್ರಾರ್ಥಿಸುತ್ತಾನೆ, ಆ ನೀರನ್ನು ಮಗನಿಗೆ ಕುಡಿಸಿ ಮೈಗೆ ಸವರುತ್ತಾನೆ. ಅದರಿಂದ ಅವನ ಎದೆ ತಣ್ಣಗಾಗಬೇಕು. ತಣ್ಣಗಾದ ಮೇಲೆ ಯಾರೂ ಏನನ್ನೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಹೇಳಿದರೆ ಬಿಸಿ ಮತ್ತೆ ಏರುತ್ತದೆ ಎಂಬ ನಂಬಿಕೆ. ಕೆಟ್ಟ ಮಗುವನ್ನು ಎಸೆಯುವುದಕ್ಕೆಂದು ಕೆಟ್ಟ ಕಾಡು ಎಲ್ಲೂ ಇಲ್ಲ ಎಂಬುದು ಅಲ್ಲಿನ ಗಾದೆ. ಇದನ್ನು ಹೇಡಿತನ ಎನ್ನಲಾಗದು, ಅಜ್ಞಾನ ಎನ್ನುವುದಂತೂ ದೊಡ್ಡ ತಪ್ಪು. ಬಾಯಿ ಬಿಟ್ಟು ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂಬುದು ಎಲ್ಲ ಕಾಲಕ್ಕೂ ಎಲ್ಲರಿಗೂ ಹೊಂದುವ ಸೂತ್ರವೇನಲ್ಲ.

ಇದು ಕೇವಲ ಅಭಿಪ್ರಾಯವಾಗಿ ಉಳಿಯಲಿಲ್ಲ, ಪರೀಕ್ಷೆಗೂ ಒಳಗಾಯಿತು. ಫಂಬುಲ್ ಟಾಕ್ ಸಹಕಾರದಿಂದಲೇ ಜಾಕೋಬಸ್ ಸಿಲಿಯರ್ಸ್, ಓಯಿಂದ್ರಿಲಾ ದುಬೆ, ಬಿಲಾಲ್ ಸಿದ್ದಿಕಿ ಎಂಬ ಮೂವರು ಅರ್ಥಶಾಸ್ತ್ರಜ್ಞರು 280 ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಎಲ್ಲಿ ಸಭೆ ಮೊದಲು ನಡೆಯಬೇಕು ಎಂಬುದನ್ನು ಅದೃಷ್ಟದ ಚೀಟಿಯಂತೆ ಆರಿಸಿದ್ದರಿಂದ ಸಭೆ ನಡೆದ ಊರನ್ನೂ ನಡೆಯದ ಊರನ್ನೂ ಹೋಲಿಸಲು ಸಾಧ್ಯವಾಯಿತು. 2,383 ಜನರನ್ನು ಮಾತಾಡಿಸಿದರು. ಫಲಿತಾಂಶ 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಭೆ ನಡೆದ ಊರುಗಳಲ್ಲಿ ಕ್ಷಮೆ ಹೆಚ್ಚಿತ್ತು. ಒಬ್ಬರಿಗೊಬ್ಬರ ಒಡನಾಟ ಬೆಳೆದಿತ್ತು. ಊರ ಕೆಲಸಕ್ಕೆ ಜನ ಹೆಚ್ಚು ಕೊಡುಗೆ ನೀಡುತ್ತಿದ್ದರು. ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು. ಆದರೆ ಅದೇ ಊರುಗಳಲ್ಲಿ ಖಿನ್ನತೆ, ಆತಂಕ, ಆಘಾತದ ನಂತರದ ಮನೋವ್ಯಾಧಿ ಇವೂ ಹೆಚ್ಚಿದ್ದವು. ಕೆಲವು ಊರುಗಳಲ್ಲಿ 9 ತಿಂಗಳ ನಂತರ ನೋಡಿದರು, 31 ತಿಂಗಳ ನಂತರವೂ ನೋಡಿದರು. ಒಳಿತು ಉಳಿದಿತ್ತು, ಕೆಡುಕೂ ಉಳಿದಿತ್ತು.

ಇದನ್ನು ಓದಿದ ಮೇಲೆ ನನಗೆ ಬಿಡದೆ ಕಾಡಿದ್ದು ಒಂದೇ ಪ್ರಶ್ನೆ. ಊರು ಒಂದಾಯಿತು, ಒಪ್ಪಿದೆ. ಆ ಒಂದಾಗುವಿಕೆಯ ಬೆಲೆಯನ್ನು ಯಾರು ತೆತ್ತರು? ಮಾಯುತ್ತಿದ್ದ ಗಾಯದ ಹಕ್ಕಳೆ ಕಿತ್ತು ತೋರಿಸಿ ಎಂದು ಒಬ್ಬಳನ್ನು ಕೇಳಿಕೊಂಡೆವು, ಅವಳು ಎಲ್ಲರೆದುರು ತೋರಿಸಿದಳು, ಅದರಿಂದ ಊರಿನ ಬಾವಿ ದುರಸ್ತಿಯಾಯಿತು, ಶಾಲೆಯ ಮಾಡು ಎದ್ದಿತು. ಎಲ್ಲರೂ ಮನೆಗೆ ಹೋದ ಮೇಲೆ ಅವಳ ರಾತ್ರಿಗಳಿಗೆ ಏನು ವ್ಯವಸ್ಥೆ? 'ಸಮುದಾಯ ಚೇತರಿಸಿಕೊಂಡಿತು' ಎಂಬ ವಾಕ್ಯದ ಒಳಗೆ ಚೇತರಿಸಿಕೊಳ್ಳದವರು ಸುಲಭವಾಗಿ ಮರೆಯಾಗುತ್ತಾರೆ. ನಾನು ಈ ಸಭೆಗಳ ವಿರೋಧಿಯಲ್ಲ. ತಮ್ಮದೇ ಕಾರ್ಯಕ್ರಮವನ್ನು ಇಂಥ ಪರೀಕ್ಷೆಗೆ ಒಡ್ಡಿಕೊಂಡ ಸಂಸ್ಥೆಯ ಬಗ್ಗೆ ಗೌರವವಿದೆ. ಎರಡು ದಿನದ ಆಚರಣೆಯನ್ನೇ ಚಿಕಿತ್ಸೆ ಎಂದು ಕರೆಯುವುದಕ್ಕೆ ಮಾತ್ರ ನನ್ನ ತಕರಾರು.

ಫಂಬುಲ್ ಟಾಕ್‌ನ ನಿಜವಾದ ಗಟ್ಟಿತನ ಇರುವುದು ಬೆಂಕಿಯ ನಂತರದ ಕೆಲಸದಲ್ಲಿ ಎಂದು ನನ್ನ ಅಂದಾಜು, ಅದರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಊರು ಸೇರಿ ಒಂದು ಸಾಮೂಹಿಕ ಹೊಲ ಮಾಡುತ್ತದೆ. ನೊಂದವನೂ ನೋಯಿಸಿದವನೂ ಅಲ್ಲಿ ಕಳೆ ಕೀಳುತ್ತಾರೆ. ಹೆಂಗಸರು 'ಶಾಂತಿಯ ತಾಯಂದಿರು' ಎಂಬ ಗುಂಪು ಕಟ್ಟಿಕೊಂಡು ಸಾಬೂನು ಮಾಡುತ್ತಾರೆ, ತರಕಾರಿ ಬೆಳೆಯುತ್ತಾರೆ, ಜಗಳ ಬಂದಾಗ ನಡುವೆ ಕೂರುತ್ತಾರೆ. ಒಂದು ಮರವನ್ನು ಗೊತ್ತು ಮಾಡಿ, ತಕರಾರು ಬಂದರೆ ಅದರ ಕೆಳಗೆ ಕೂರುವುದು ಎಂದು ತೀರ್ಮಾನಿಸುತ್ತಾರೆ. ಮುಖ್ಯ ಸಂಗತಿ ಇದು: ಆ ಮರದ ಕೆಳಗೆ ಯುವಕನ ಮೇಲೆ ದಂಡ ಹೇರುವ ಒಬ್ಬನೇ ಚೀಫ್ ಇರುವುದಿಲ್ಲ.

ಹಣ ಕೊಟ್ಟರೆ ಇದೆಲ್ಲ ಆಗುವುದಿಲ್ಲವೇ ಎಂದು ಕೇಳಬಹುದು. ಅದನ್ನೂ ನೋಡಿದ್ದಾರೆ. ವಿಶ್ವಬ್ಯಾಂಕ್ ನೆರವಿನ 'ಗೋಬಿಫೋ' ಎಂಬ ಯೋಜನೆ 2005ರಿಂದ 2009ರವರೆಗೆ ನಡೆಯಿತು. ಹಳ್ಳಿಗೆ ಸುಮಾರು 5,000 ಡಾಲರ್, ಜೊತೆಗೆ ಹೆಂಗಸರನ್ನೂ ಯುವಕರನ್ನೂ ತೀರ್ಮಾನಕ್ಕೆ ಸೇರಿಸಿಕೊಳ್ಳಬೇಕೆಂಬ ಒತ್ತಾಸೆ. ಬೊಂಥೆ ಮತ್ತು ಬೊಂಬಾಲಿ ಜಿಲ್ಲೆಗಳ 236 ಹಳ್ಳಿಗಳಲ್ಲಿ ಅರ್ಧಕ್ಕೆ ಲಾಟರಿಯ ಮೂಲಕ ಯೋಜನೆ ಹೋಯಿತು. ಕಟ್ಟಡಗಳು ಎದ್ದವು, ಸಂತೆ ಚುರುಕಾಯಿತು. ಇದರಿಂದ ಊರಿನ ನಡವಳಿಕೆ ಬದಲಾಯಿತೇ ಎಂದು ನೋಡಲು ಸಂಶೋಧಕರು ಒಂದು ಜಾಣ ಉಪಾಯ ಮಾಡಿದರು. ಎಲ್ಲ ಹಳ್ಳಿಗಳಿಗೂ ಒಂದೊಂದು ದೊಡ್ಡ ಟಾರ್ಪಾಲು ಕೊಟ್ಟು, ಏನು ಮಾಡಬೇಕೆಂದು ಹೇಳದೆ ಬಂದುಬಿಟ್ಟರು. ತಿಂಗಳುಗಳ ನಂತರ ಹೋಗಿ ನೋಡಿದರು: ಟಾರ್ಪಾಲು ಎಲ್ಲಿದೆ? ಊರ ಭತ್ತ ಒಣಗಿಸಲು ಬಳಕೆಯಾಗಿದೆಯೇ, ಒಬ್ಬರ ಮನೆಯಲ್ಲಿ ಮಡಚಿ ಕೂತಿದೆಯೇ, ಯಾರು ತೀರ್ಮಾನಿಸಿದರು? ಯೋಜನೆ ಹೋದ ಊರಿಗೂ ಹೋಗದ ಊರಿಗೂ ವ್ಯತ್ಯಾಸ ಕಾಣಲಿಲ್ಲ. ಕಟ್ಟಡ ಬಂತು, ಯಜಮಾನಿಕೆ ಹಾಗೇ ಉಳಿಯಿತು.

ಯಾವ ಯೋಜನೆಯೂ ಬರೆದಿಟ್ಟಿರದ ಒಂದು ಚೇತರಿಕೆ ರಸ್ತೆಯ ಮೇಲೆ ನಡೆಯಿತು. ಬೊ, ಕೆನೆಮಾ, ಮಕೆನಿ ಪಟ್ಟಣಗಳಲ್ಲಿ ಟ್ಯಾಕ್ಸಿಗಳು ಸುಟ್ಟುಹೋಗಿದ್ದವು, ರಸ್ತೆ ಕಿತ್ತುಹೋಗಿದ್ದವು. ಶಸ್ತ್ರ ಬಿಟ್ಟ ಹುಡುಗರು ಮೋಟಾರ್ ಬೈಕ್ ಬಾಡಿಗೆಗೆ ಓಡಿಸತೊಡಗಿದರು. ಸಂಘ ಕಟ್ಟಿಕೊಂಡರು, ವಂತಿಗೆ ಎತ್ತಿದರು, ಅಪಘಾತವಾದವನ ಆಸ್ಪತ್ರೆ ಖರ್ಚು ನೋಡಿಕೊಂಡರು, ಪೊಲೀಸರ ಕಿರುಕುಳದ ವಿರುದ್ಧ ಒಟ್ಟಾಗಿ ನಿಂತರು. ಬಂಡುಕೋರನಾಗಿದ್ದವನೂ ಕಮಾಜೋರ್ ಆಗಿದ್ದವನೂ ಒಂದೇ ಸಂಘದ ಸದಸ್ಯರು. ಅವರನ್ನು ಯಾರೂ ಬೆಂಕಿಯ ಸುತ್ತ ಕೂರಿಸಲಿಲ್ಲ. ಪಟ್ಟಣದ ಸಭ್ಯರು ಈಗಲೂ ಅವರ ಅಡ್ಡಾದಿಡ್ಡಿ ಓಡಾಟಕ್ಕೆ ಬೈಯುತ್ತಾರೆ, ಬೈಯುತ್ತಲೇ ಹಿಂದೆ ಹತ್ತಿ ಕೂರುತ್ತಾರೆ.

2014ರ ಮೇ ತಿಂಗಳಲ್ಲಿ ಎಬೋಲಾ ಬಂತು. ಅದೂ ಮೊದಲು ಕಾಣಿಸಿಕೊಂಡದ್ದು ಕೈಲಾಹುನ್ ಜಿಲ್ಲೆಯಲ್ಲೇ. 14,000ಕ್ಕೂ ಹೆಚ್ಚು ಮಂದಿಗೆ ತಗುಲಿತು, ಸುಮಾರು 4,000 ಮಂದಿ ಸತ್ತರು. ಶವವನ್ನು ತೊಳೆದು, ಮುಟ್ಟಿ ಬೀಳ್ಕೊಡುವ ಪದ್ಧತಿಯಿಂದಲೇ ರೋಗ ಹರಡುತ್ತಿತ್ತು. ಮೈಮುಚ್ಚುವ ಬಿಳಿ ಉಡುಪಿನವರು ಬಂದು ಹೆಣವನ್ನು ಚೀಲದಲ್ಲಿ ಹಾಕಿ ಒಯ್ದಾಗ ಜನ ರೋಗಿಗಳನ್ನು ಮುಚ್ಚಿಡತೊಡಗಿದರು. ಪರಿಸ್ಥಿತಿ ತಿರುಗಿದ್ದರಲ್ಲಿ ಊರುಗಳ ಪಾಲು ದೊಡ್ಡದು. ಚೀಫ್‌ಗಳು ಊರ ಕಟ್ಟಳೆ ಮಾಡಿದರು, ರೋಗಿಯನ್ನು ಬಚ್ಚಿಟ್ಟರೆ ದಂಡ ಎಂದರು, ಹುಡುಗರು ಹಾದಿ ಕಾದರು. ಮನೆಯವರು ದೂರದಿಂದ ನೋಡಲು, ಇಮಾಮರು ಅಥವಾ ಪಾದ್ರಿಗಳು ಪ್ರಾರ್ಥನೆ ಮಾಡಲು ಅವಕಾಶ ಕೊಟ್ಟ ಮೇಲೆ ಜನರ ವಿರೋಧ ತಗ್ಗಿತು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಹಿಂದೆ ಹುಡುಗರನ್ನು ಊರಿನಿಂದ ಓಡಿಸಿದ ಅದೇ ದಂಡ ಹಾಕುವ ಅಧಿಕಾರ ಈಗ ಊರನ್ನು ಉಳಿಸಲು ಬಳಕೆಯಾಯಿತು. ಅದರ ದುರ್ಬಳಕೆಯೂ ಅಲ್ಲಲ್ಲಿ ಆಗದೇ ಇರಲಿಲ್ಲ.

ಮಾತಿನ ನಡುವೆ ಒಬ್ಬರು ಚೀಟಿ ಕಳಿಸಿದ್ದಾರೆ: ಹಾಗಾದರೆ ಆ ಹಳ್ಳಿಗಳು ಮಾತಾಡಬೇಕಿತ್ತೇ, ಸುಮ್ಮನಿರಬೇಕಿತ್ತೇ? ಅದನ್ನು ಆಯಾ ಊರೇ ತೀರ್ಮಾನಿಸಬೇಕು, ಮತ್ತು ಊರು ಮಾತಾಡೋಣ ಎಂದಾಗಲೂ ನಾನು ಒಲ್ಲೆ ಎನ್ನುವ ಹಕ್ಕು ಒಬ್ಬೊಬ್ಬರಿಗೂ ಇರಬೇಕು. ಇನ್ನೂ ಒಂದು ಪ್ರಾಯೋಗಿಕ ಸಂಗತಿ ಇದೆ. ಫ್ರೀಟೌನ್‌ನ ಕಿಸ್ಸಿಯಲ್ಲಿರುವ ಮಾನಸಿಕ ಆಸ್ಪತ್ರೆ ವಸಾಹತು ಕಾಲದ್ದು, ಆಫ್ರಿಕಾದ ಅತಿ ಹಳೆಯ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು. ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದು ಅಲ್ಲಿ ನಿಂತದ್ದು ತೀರಾ ಈಚೆಗೆ. ಯುದ್ಧದ ನಂತರ ಬಹಳ ವರ್ಷ ಇಡೀ ದೇಶಕ್ಕೆ ಇದ್ದದ್ದು ಒಬ್ಬರೇ ಮನೋವೈದ್ಯರು. ಎಬೋಲಾಕ್ಕೆ ಸ್ವಲ್ಪ ಮೊದಲು ಸುಮಾರು 20 ನರ್ಸ್‌ಗಳಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟು ಜಿಲ್ಲೆಗಳಿಗೆ ಕಳಿಸಿದರು. ವಿಶೇಷ ನ್ಯಾಯಾಲಯಕ್ಕೆ ಕೋಟ್ಯಂತರ ಡಾಲರ್ ಸುರಿದ ಜಗತ್ತಿಗೆ ಈ ನರ್ಸ್‌ಗಳ ಸಂಖ್ಯೆಯನ್ನು ನಾಲ್ಕು ಪಟ್ಟು ಮಾಡುವುದು ಕಷ್ಟವೇನಲ್ಲ. ಬೆಂಕಿ ಹಾಕುವ ದಿನ ಗೊತ್ತು ಮಾಡಲು ಕೂರುವ ಸಮಿತಿಯಲ್ಲಿ ಇಮಾಮರ ಪಕ್ಕ, ಪಾದ್ರಿಗಳ ಪಕ್ಕ ಜಿಲ್ಲಾ ಆಸ್ಪತ್ರೆಯ ಆ ನರ್ಸ್‌ಗೂ ಒಂದು ಜಾಗ ಬೇಕು. ಸಭೆ ಮುಗಿದ ಮೂರನೆಯ ತಿಂಗಳು, ಆರನೆಯ ತಿಂಗಳು ಅವರು ಮತ್ತೆ ಆ ಊರಿಗೆ ಹೋಗಿ ಬರಲು ಒಂದು ಮೋಟಾರ್ ಬೈಕ್, ಅದಕ್ಕೆ ಪೆಟ್ರೋಲು ಬೇಕು. ಬೈಕ್ ಓಡಿಸಲು ಹುಡುಗರು ಅಲ್ಲಿ ಹೇಗೂ ಇದ್ದಾರೆ.